ಸಂಶೋಧನೆಗೂ ಕೂಲಿ ಬೇಕು

ಓದುಗರ ಪ್ರಶ್ನೆ, ನಮ್ಮ ಉತ್ತರ

ಆರೋಗ್ಯ ಮತ್ತು ಆರೈಕೆಯ ಕ್ಷೇತ್ರದಲ್ಲಿ ಪಿಎಚ್.ಡಿ. ಮಾಡುವವರಿಗೆ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿದ ಪತ್ರಗಳನ್ನೆಲ್ಲ ಈ ಸಂಚಿಕೆಗೆ ಒಟ್ಟು ಮಾಡಿದ್ದೇನೆ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ. ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆಯಾಗಿ ದುಡಿದು, ಆಮೇಲೆ ಕಾಲೇಜಿನಲ್ಲಿ ಸಮಾಜಕಾರ್ಯ ಪಾಠ ಮಾಡಿ, ಈಗ ನಿವೃತ್ತಳಾಗಿ ಶಿವಮೊಗ್ಗದಲ್ಲಿದ್ದೇನೆ. ಫೆಲೋಶಿಪ್ ಸಂದರ್ಶನಕ್ಕೆ ಅಭ್ಯರ್ಥಿಯಾಗಿಯೂ ಹೋಗಿದ್ದೇನೆ, ಪ್ರಶ್ನೆ ಕೇಳುವವಳಾಗಿಯೂ ಕುಳಿತಿದ್ದೇನೆ. ನನ್ನ ಹಟವೊಂದನ್ನು ಮೊದಲೇ ಹೇಳಿಬಿಡುತ್ತೇನೆ: ಸಂಶೋಧನೆ ಒಂದು ದುಡಿಮೆ, ದುಡಿಮೆಗೆ ಕೂಲಿ ಬೇಕು. ಮನೆಯವರ ಅಡಿಕೆ ದುಡ್ಡಿನಲ್ಲಿ ಐದು ವರ್ಷ ಪಿಎಚ್.ಡಿ. ಮಾಡುವುದನ್ನು ತ್ಯಾಗ ಎಂದು ಹೊಗಳುವವರ ಜೊತೆ ನಾನು ಸೇರುವುದಿಲ್ಲ.

ಪ್ರಶ್ನೆ: ಮೇಡಂ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದೇನೆ. ವಯಸ್ಸು 29. ನಮ್ಮ ಚಿಕ್ಕಪ್ಪನಿಗೆ ಬಹಳ ವರ್ಷಗಳಿಂದ ಮಾನಸಿಕ ಕಾಯಿಲೆ. ಅವರನ್ನು ನೋಡಿಕೊಳ್ಳುತ್ತಿರುವವರು ನನ್ನ ಅಮ್ಮ. ಮನೆಯಲ್ಲಿ ಇಂಥ ಆರೈಕೆ ಮಾಡುವ ಹೆಂಗಸರ ಬಗ್ಗೆ ಸಂಶೋಧನೆ ಮಾಡುವ ಆಸೆ. ಮಾರ್ಗದರ್ಶಕರೊಬ್ಬರು, ‘ಮೊದಲು ನೋಂದಣಿ ಮಾಡಿಸಿಕೋ, ಫೆಲೋಶಿಪ್ ಆಮೇಲೆ ಬರುತ್ತದೆ’ ಎನ್ನುತ್ತಾರೆ. ಏನು ಮಾಡಲಿ? — ಓದುಗ, ಹೊಸನಗರ

ಆಮೇಲೆ ಬರುತ್ತದೆ ಎಂದವರನ್ನು, ಯಾವ ಫೆಲೋಶಿಪ್, ಯಾರು ಕೊಡುತ್ತಾರೆ, ಯಾವಾಗ ಎಂದು ವಿನಯದಿಂದಲೇ ಕೇಳಿ. ಮೂರಕ್ಕೂ ಉತ್ತರ ಸಿಕ್ಕರೆ ನೋಂದಣಿ ಮಾಡಿಸಿ. ಇಲ್ಲದಿದ್ದರೆ ಮೊದಲು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ನೆಟ್, ಅಂದರೆ ರಾಷ್ಟ್ರೀಯ ಅರ್ಹತಾ ಪರೀಕ್ಷೆಗೆ ಕುಳಿತುಕೊಳ್ಳಿ.

ನಿಮ್ಮ ವಯಸ್ಸು ನನ್ನನ್ನು ಅವಸರಪಡಿಸುತ್ತಿದೆ. ಆ ಪರೀಕ್ಷೆಯಿಂದ ಸಿಗುವ ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್‌ಗೆ ವಯೋಮಿತಿ 30. ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ, ಅಂಗವಿಕಲರಿಗೆ, ತೃತೀಯ ಲಿಂಗಿಗಳಿಗೆ ಐದು ವರ್ಷ ಸಡಿಲಿಕೆ ಇದೆ. ಇಲ್ಲಿ ನಮ್ಮ ಕಡೆಯ ಹುಡುಗರು ಪದೇ ಪದೇ ಎಡವುತ್ತಾರೆ. ಕರ್ನಾಟಕದ 2ಎ, 3ಎ, 3ಬಿ ಪ್ರಮಾಣಪತ್ರ ಕೈಯಲ್ಲಿದ್ದ ಮಾತ್ರಕ್ಕೆ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆ ಎಂದಾಗುವುದಿಲ್ಲ. ಎರಡೂ ಬೇರೆ ಬೇರೆ ಪಟ್ಟಿಗಳು. ತಹಶೀಲ್ದಾರರ ಕಚೇರಿಯಿಂದ ಕೇಂದ್ರ ನಮೂನೆಯ, ಕೆನೆಪದರಕ್ಕೆ ಸೇರದವರೆಂಬ ಪ್ರಮಾಣಪತ್ರವನ್ನೇ ತರಬೇಕು. ಆ ಪಟ್ಟಿಯಲ್ಲಿ ನೀವಿಲ್ಲ ಎಂದಾದರೆ ನಿಮಗೆ ಉಳಿದಿರುವುದು ಒಂದೋ ಎರಡೋ ಅವಕಾಶ. ಜೂನ್ ಮತ್ತು ಡಿಸೆಂಬರ್ ಹೆಸರಿನಲ್ಲಿ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಯುತ್ತದೆ. ಮುಂದಿನದನ್ನು ಬಿಡಬೇಡಿ.

ಪರೀಕ್ಷೆಯ ಸ್ವರೂಪ ಸರಳ. ಮೂರು ಗಂಟೆ, 150 ಪ್ರಶ್ನೆ, 300 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಅನ್ಯಾಯವೇ. ಆದರೂ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುತ್ತಾ ಹೋದರೆ ಪರಿಭಾಷೆ ಕೈವಶವಾಗುತ್ತದೆ. ನಿಮ್ಮ ವಿಷಯ ‘ಸಮಾಜಕಾರ್ಯ’. ಸಾರ್ವಜನಿಕ ಆರೋಗ್ಯ ಓದಿದವರಿಗೆ ‘ಸಾಮಾಜಿಕ ವೈದ್ಯಶಾಸ್ತ್ರ ಮತ್ತು ಸಮುದಾಯ ಆರೋಗ್ಯ’ ಎಂಬ ವಿಷಯವೂ ಇದೆ. ಅದು ಇರುವುದೇ ಹೆಚ್ಚಿನವರಿಗೆ ಗೊತ್ತಿಲ್ಲ.

2024ರಿಂದ ನೆಟ್ ಫಲಿತಾಂಶ ಮೂರು ಬಗೆಯಲ್ಲಿ ಬರುತ್ತಿದೆ. ಮೊದಲನೆಯವರಿಗೆ ಜೆಆರ್‌ಎಫ್ ಜೊತೆಗೆ ಸಹಾಯಕ ಪ್ರಾಧ್ಯಾಪಕರ ಅರ್ಹತೆ. ಎರಡನೆಯವರಿಗೆ ಸಹಾಯಕ ಪ್ರಾಧ್ಯಾಪಕರ ಅರ್ಹತೆ ಮತ್ತು ಪಿಎಚ್.ಡಿ. ಪ್ರವೇಶಕ್ಕೆ ಅರ್ಹತೆ. ಮೂರನೆಯವರಿಗೆ ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ. ಯುಜಿಸಿಯ ತಿಂಗಳ ಹಣ ಇರುವುದು ಮೊದಲನೆಯದಕ್ಕೆ ಮಾತ್ರ. ಉಳಿದ ಎರಡರಲ್ಲಿ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ಲೆಕ್ಕ ಹಿಡಿದು ವಿಶ್ವವಿದ್ಯಾಲಯ ಪ್ರವೇಶ ಕೊಡುತ್ತದೆ, ಮತ್ತು ಆ ಅಂಕ ಒಂದು ವರ್ಷದವರೆಗೆ ಮಾತ್ರ ನಡೆಯುತ್ತದೆ. ‘ನೆಟ್ ಆಯಿತು’ ಎಂದು ಊರಿಗೆಲ್ಲ ಸಿಹಿ ಹಂಚಿದ ಮೇಲೆ ಫೆಲೋಶಿಪ್ ಇಲ್ಲವೆಂದು ತಿಳಿದು ಪೆಚ್ಚಾದವರನ್ನು ನೋಡಿದ್ದೇನೆ.

ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮುಂದಿನ ಮೂರು ವರ್ಷ 42,000 ರೂಪಾಯಿ. ಈ ದರ 2023ರ ಜನವರಿಯಿಂದ ಜಾರಿಯಲ್ಲಿದೆ. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಪ್ರತ್ಯೇಕ. ಸಮಾಜ ವಿಜ್ಞಾನದವರಿಗೆ ಸಾದಿಲ್ವಾರು ವೆಚ್ಚಕ್ಕೆಂದು ಮೊದಲ ಎರಡು ವರ್ಷ ವಾರ್ಷಿಕ 10,000, ಅನಂತರ 20,500 ರೂಪಾಯಿ ಬರುತ್ತದೆ. ಕ್ಷೇತ್ರಕಾರ್ಯದ ಬಸ್ ಖರ್ಚು, ಪುಸ್ತಕ, ಮುದ್ರಣ ಎಲ್ಲ ಇದರಲ್ಲಿಯೇ. ಮೊತ್ತ ಸಾಲದು, ಆದರೆ ರಸೀದಿ ಇಟ್ಟುಕೊಂಡವರಿಗೆ ಅದಾದರೂ ಸಿಗುತ್ತದೆ.

ಜೆಆರ್‌ಎಫ್ ಕೈತಪ್ಪಿದರೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ ಡಾಕ್ಟೊರಲ್ ಫೆಲೋಶಿಪ್ ನೋಡಿ. ಅದು ತಿಂಗಳಿಗೆ 20,000 ರೂಪಾಯಿ, ವಯೋಮಿತಿ 40, ಆದರೆ ಪಿಎಚ್.ಡಿ.ಗೆ ಆಗಲೇ ನೋಂದಣಿ ಆಗಿರಬೇಕು. ನಿಮ್ಮ ಮಾರ್ಗದರ್ಶಕರ ಮನಸ್ಸಿನಲ್ಲಿ ಇದು ಇದ್ದರೆ ಅವರ ಮಾತಿಗೆ ಅರ್ಥವಿದೆ.

ಇನ್ನು ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ನಿಮ್ಮ ಪಕ್ಕದ ತೀರ್ಥಹಳ್ಳಿ ತಾಲ್ಲೂಕು ಮನೋವೈದ್ಯಕೀಯ ಲೋಕಕ್ಕೆ ಪರಿಚಿತ ಹೆಸರು. ಬೆಂಗಳೂರಿನ ನಿಮ್ಹಾನ್ಸ್‌ನವರು 2005ರಿಂದ ಅಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಗಳಲ್ಲಿಯೇ ಗುರುತಿಸಿ, ಚಿಕಿತ್ಸೆ ಕೊಡಿಸಿ, ಅವರ ಸ್ಥಿತಿಗತಿಯನ್ನು ವರ್ಷಗಟ್ಟಲೆ ದಾಖಲಿಸುತ್ತಾ ಬಂದಿದ್ದಾರೆ. ಅದರಿಂದ ಹೊರಬಂದ ಲೇಖನಗಳನ್ನು ಓದಿ. ಔಷಧ ತೆಗೆದುಕೊಂಡವರು ಎಷ್ಟು ಚೇತರಿಸಿಕೊಂಡರು, ಮನೆಗೆಲಸ, ತೋಟದ ಕೆಲಸಕ್ಕೆ ಎಷ್ಟರಮಟ್ಟಿಗೆ ಮರಳಿದರು ಎಂಬುದನ್ನೆಲ್ಲ ಅಲ್ಲಿ ಅಳೆದಿದ್ದಾರೆ. ಆಮೇಲೆ ನಿಮ್ಮ ಅಮ್ಮನ ಕಡೆ ನೋಡಿ. ಮಾತ್ರೆಯ ಡಬ್ಬಿ ಎಲ್ಲಿಡಬೇಕೆಂದು ನಿರ್ಧರಿಸುವವರು ಯಾರು? ಮಳೆಗಾಲದಲ್ಲಿ ಸಂಕ ಮುಳುಗಿ ಬಸ್ ನಿಂತಾಗ ಔಷಧ ಯಾರು ತರುತ್ತಾರೆ? ನೆಂಟರ ಮದುವೆಗೆ ನಿಮ್ಮ ಅಮ್ಮ ಕೊನೆಯ ಸಲ ಹೋಗಿ ಉಳಿದುಕೊಂಡದ್ದು ಯಾವಾಗ? ‘ಆರೈಕೆದಾರರ ಮೇಲಿನ ಹೊರೆ: ಒಂದು ಅಧ್ಯಯನ’ ಎಂಬ ಶೀರ್ಷಿಕೆ ಹೊತ್ತು ಬರುವ ಅರ್ಜಿಗಳಿಗೆ ಲೆಕ್ಕವಿಲ್ಲ. ‘ಔಷಧ ಇಲ್ಲದ ವಾರ ಮಲೆನಾಡಿನ ಮನೆಯಲ್ಲಿ ಏನು ನಡೆಯುತ್ತದೆ’ ಎಂದು ಕೇಳಿದವರು ಅಪರೂಪ. ಸಂದರ್ಶನದ ಮೇಜಿನ ಈಚೆ ಕುಳಿತವರಿಗೆ ಎಚ್ಚರವಾಗುವುದು ಎರಡನೆಯದಕ್ಕೆ.

ಒಂದು ಎಚ್ಚರಿಕೆ. ನಿಮ್ಮ ಅಮ್ಮನನ್ನೇ ಸಂಶೋಧನೆಯ ಮಾಹಿತಿದಾರರನ್ನಾಗಿ ಮಾಡಿಕೊಳ್ಳಬೇಡಿ. ಪ್ರಶ್ನೆ ಮನೆಯಿಂದ ಹುಟ್ಟಲಿ, ಉತ್ತರಕ್ಕೆ ಬೇರೆ ಮನೆಗಳಿಗೆ ಹೋಗಿ. ನಿಮ್ಹಾನ್ಸ್‌ನಲ್ಲಿಯೇ ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಪಿಎಚ್.ಡಿ. ಇದೆ. ಅದಕ್ಕೆ ಪ್ರವೇಶ ಪರೀಕ್ಷೆ ಪ್ರತ್ಯೇಕ. ಅದಕ್ಕೂ ಅರ್ಜಿ ಹಾಕಿ.

ಪ್ರಶ್ನೆ: ಪಿಎಚ್.ಡಿ.ಗೆ ಸುಲಭವಾದ, ಬೇಗ ಮುಗಿಯುವ ಒಂದು ವಿಷಯ ತಿಳಿಸಿ. — ಭದ್ರಾವತಿಯಿಂದ

ಕೋರ್ಸ್‌ವರ್ಕ್, ಅಂದರೆ ಆರಂಭದ ತರಗತಿಗಳೂ ಸೇರಿ ಕನಿಷ್ಠ ಮೂರು ವರ್ಷ ಎಂದು ಯುಜಿಸಿಯ 2022ರ ನಿಯಮ ಹೇಳುತ್ತದೆ. ಅದಕ್ಕಿಂತ ಬೇಗ ಮುಗಿಯುವುದು ಯಾವುದಾದರೂ ಇದ್ದರೆ ಅದು ಪಿಎಚ್.ಡಿ. ಅಲ್ಲ. ವಿಷಯವನ್ನು ಪತ್ರಿಕೆಯಲ್ಲಿ ಕೇಳಿ ಪಡೆಯುವವರು ನಾಳೆ ಪ್ರಬಂಧವನ್ನೂ ಅಂಗಡಿಯಲ್ಲಿ ಬರೆಸುತ್ತಾರೆ.

ಪ್ರಶ್ನೆ: ನಾನು ಸಾಗರ ತಾಲ್ಲೂಕಿನಲ್ಲಿ ಸರ್ಕಾರಿ ಶುಶ್ರೂಷಕಿ. ಎಂ.ಎಸ್ಸಿ. ನರ್ಸಿಂಗ್ ಆಗಿದೆ. ವಯಸ್ಸು 38, ಇಬ್ಬರು ಮಕ್ಕಳು. ಹಂದಿಗೋಡು ಕಾಯಿಲೆಯ ಕುಟುಂಬಗಳು ನಮ್ಮಲ್ಲಿಗೆ ಬರುತ್ತವೆ. ಅವರ ಬಗ್ಗೆ ಏನಾದರೂ ಮಾಡಬೇಕು ಎನಿಸುತ್ತದೆ. ನನಗೆ ನೆಟ್ ಇಲ್ಲ. ಈ ವಯಸ್ಸಿನಲ್ಲಿ ಧನಸಹಾಯ ಸಿಗುತ್ತದೆಯೇ? — ಹೆಸರು ಬೇಡ, ಸಾಗರ

ನೆಟ್ ಪರೀಕ್ಷೆಯಲ್ಲಿ ನರ್ಸಿಂಗ್ ಎಂಬ ವಿಷಯವೇ ಇಲ್ಲ, ಆದ್ದರಿಂದ ಆ ಕೊರಗು ಬಿಡಿ. ನಿಮಗೆ ತೆರೆದಿರುವ ದಾರಿಗಳು ಬೇರೆ. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಪಿಎಚ್.ಡಿ. ಇದೆ. ಭಾರತೀಯ ಶುಶ್ರೂಷಾ ಪರಿಷತ್ತು ಅದೇ ವಿಶ್ವವಿದ್ಯಾಲಯದ ಜೊತೆ ಸೇರಿ ನರ್ಸಿಂಗ್ ಪಿಎಚ್.ಡಿ.ಗೆಂದು ರಾಷ್ಟ್ರೀಯ ಒಕ್ಕೂಟವನ್ನೂ ಕಟ್ಟಿದೆ. ನಿಮ್ಹಾನ್ಸ್‌ನಲ್ಲಿಯೂ ನರ್ಸಿಂಗ್ ವಿಭಾಗ ಪಿಎಚ್.ಡಿ. ನಡೆಸುತ್ತದೆ.

ಧನಸಹಾಯದ ಮಾತಿಗೆ ಬಂದರೆ, ನಿಮಗೆ ನನ್ನ ಸಲಹೆ ಹೊಸನಗರದ ಹುಡುಗನಿಗೆ ಹೇಳಿದ್ದಕ್ಕಿಂತ ಬೇರೆ. ನಿಮಗೆ ತಿಂಗಳ ಸಂಬಳ ಇದೆ. ಅದನ್ನು ಬಿಟ್ಟು ಫೆಲೋಶಿಪ್ ಹಿಂದೆ ಹೋಗಬೇಡಿ, ಸಂಬಳವನ್ನೇ ಫೆಲೋಶಿಪ್ ಮಾಡಿಕೊಳ್ಳಿ. 2022ರ ನಿಯಮ ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶ ಕೊಟ್ಟಿದೆ. ಬೇಕಾದದ್ದು ಇಲಾಖೆಯ ನಿರಾಕ್ಷೇಪಣಾ ಪತ್ರ. ಸಂಶೋಧನೆಗೆ ಸಮಯ ಬಿಟ್ಟುಕೊಡುತ್ತೇವೆ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್‌ಗೆ ಬಿಡುಗಡೆ ಮಾಡುತ್ತೇವೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ. ‘ನಮ್ಮ ಅಭ್ಯಂತರ ಇಲ್ಲ’ ಎಂಬ ಒಂದು ಸಾಲಿನ ಪತ್ರ ಮುಂದೆ ನಿಮ್ಮನ್ನು ರಾತ್ರಿ ಪಾಳಿಯಿಂದ ಕಾಪಾಡುವುದಿಲ್ಲ. ಅರ್ಜಿ ಹಾಕುವ ಮೊದಲೇ ಶಿವಮೊಗ್ಗದ ಜಿಲ್ಲಾ ಕಚೇರಿಯಲ್ಲಿ ಸೇವಾ ಪುಸ್ತಕ ನೋಡುವ ಗುಮಾಸ್ತರನ್ನು ಕಂಡು, ಅಧ್ಯಯನ ರಜೆಗೆ ನಿಮ್ಮ ಸೇವಾವಧಿ ಸಾಲುತ್ತದೆಯೇ ಎಂದು ಕೇಳಿ. ಆ ಗುಮಾಸ್ತರಿಗೆ ಗೊತ್ತಿರುವುದು ಎಷ್ಟೋ ಮಾರ್ಗದರ್ಶಕರಿಗೆ ಗೊತ್ತಿರುವುದಿಲ್ಲ.

ಪಿಎಚ್.ಡಿ.ಗೆ ಗರಿಷ್ಠ ಆರು ವರ್ಷ, ಮರುನೋಂದಣಿಯಿಂದ ಇನ್ನೆರಡು ವರ್ಷ. ಮಹಿಳೆಯರಿಗೆ ಅದರ ಮೇಲೆ ಮತ್ತೆ ಎರಡು ವರ್ಷದ ಸಡಿಲಿಕೆ ಇದೆ. ಹೆರಿಗೆ ಮತ್ತು ಮಕ್ಕಳ ಪಾಲನೆಗೆ ಒಟ್ಟು 240 ದಿನಗಳವರೆಗೆ ರಜೆಯನ್ನೂ ನಿಯಮ ಒಪ್ಪುತ್ತದೆ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ಕೇಳಿ ಪಡೆಯಬೇಕು.

ಹಂದಿಗೋಡು ಕಾಯಿಲೆಯ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. 1970ರ ದಶಕದ ನಡುವೆ ನಿಮ್ಮ ತಾಲ್ಲೂಕಿನ ಹಂದಿಗೋಡಿನಲ್ಲಿ ಮೊದಲು ಹೊರಜಗತ್ತಿನ ಗಮನಕ್ಕೆ ಬಂದ, ವಂಶಪಾರಂಪರ್ಯವಾಗಿ ಬರುವ ಕೀಲು–ಎಲುಬಿನ ಕಾಯಿಲೆ ಅದು. ಸೊಂಟದ ಕೀಲು, ಮೊಣಕಾಲು ಸವೆದು ಜನ ನಡೆಯಲಾರದೆ ಹೋಗುತ್ತಾರೆ. ಹೆಚ್ಚಾಗಿ ಕಂಡಿದ್ದು ಕೂಲಿ ಮಾಡಿ ಬದುಕುವ ದಲಿತ ಕುಟುಂಬಗಳಲ್ಲಿ. ಮೊದಮೊದಲು ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ–ಮೀನು ತಿಂದದ್ದು ಕಾರಣವಿರಬಹುದೆಂದು ಶಂಕಿಸಿದ್ದರು. ಆಮೇಲೆ ಅದು ಅನುವಂಶಿಕ ಎಂಬುದು ಗಟ್ಟಿಯಾಯಿತು. ತಂಡದ ಮೇಲೆ ತಂಡ ಬಂದು ರಕ್ತ, ಎಕ್ಸ್‌ರೇ ತೆಗೆದುಕೊಂಡು ಹೋದ ಊರುಗಳವು. ಮತ್ತೊಮ್ಮೆ ಸೂಜಿ ಹಿಡಿದು ಹೋಗುವ ಸಂಶೋಧಕರು ಅಲ್ಲಿಗೆ ಬೇಕಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ಶುಶ್ರೂಷಕಿಯ ಕಣ್ಣಿಗೆ ಕಾಣುವುದು ಬೇರೆ ಇದೆ. ನಡೆಯಲಾಗದ ತಂದೆಯನ್ನು ಶೌಚಕ್ಕೆ ಕರೆದೊಯ್ಯುವವರು ಯಾರು, ಪಿಂಚಣಿಗಾಗಿ ನಾಡಕಚೇರಿಗೆ ಹೋಗಲು ಆಟೊಗೆ ಎಷ್ಟು ತೆರುತ್ತಾರೆ, ಕಾಯಿಲೆ ಇರುವ ಮನೆಯ ಹುಡುಗಿಯ ಮದುವೆ ಮಾತುಕತೆಯಲ್ಲಿ ಏನೇನು ಮುಚ್ಚಿಡುತ್ತಾರೆ, ನೋವಿನ ಮಾತ್ರೆಯನ್ನು ಯಾರ ಸಲಹೆಯ ಮೇಲೆ ನುಂಗುತ್ತಾರೆ. ಇದನ್ನೇ ಆರೋಗ್ಯ ಮತ್ತು ಸಾಮಾಜಿಕ ಆರೈಕೆಯ ಸಂಶೋಧನೆ ಎನ್ನುವುದು. ನಿಮ್ಮ ಪ್ರಸ್ತಾವನೆಯಲ್ಲಿ ವಂಶವಾಹಿಯ ಪುರಾಣ ಬೇಡ, ಇದನ್ನು ಬರೆಯಿರಿ.

ಇನ್ನೊಂದು ವಿಷಯ. ನಿಮ್ಮ ಆಸ್ಪತ್ರೆಗೆ ಬರುವವರನ್ನೇ ನೀವು ಸಂದರ್ಶಿಸುವುದಾದರೆ ಒಪ್ಪಿಗೆ ಪತ್ರಕ್ಕೆ ಸಹಿ ನೀವು ಹಾಕಿಸಿಕೊಳ್ಳಬಾರದು. ‘ಸಿಸ್ಟರ್ ಕೇಳಿದರೆ ಇಲ್ಲ ಎನ್ನಲಾದೀತೇ’ ಎಂದು ಜನ ಒಪ್ಪುತ್ತಾರೆ, ಅದು ಒಪ್ಪಿಗೆಯಲ್ಲ. ಬೇರೊಬ್ಬರು ಅವರ ಮನೆಗೆ ಹೋಗಿ, ಕನ್ನಡದಲ್ಲಿ ಓದಿ ಹೇಳಿ, ಬೇಡ ಎಂದರೂ ಚಿಕಿತ್ಸೆ ನಿಲ್ಲುವುದಿಲ್ಲ ಎಂದು ತಿಳಿಸಿ, ಆಮೇಲೆ ಸಹಿ ಪಡೆಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯಲ್ಲಿ ಇಂಥ ದುರ್ಬಲ ಸ್ಥಿತಿಯಲ್ಲಿರುವವರಿಗೆ ಪ್ರತ್ಯೇಕ ರಕ್ಷಣೆ ಹೇಳಿದೆ. ನೈತಿಕ ಸಮಿತಿ ಮೊದಲು ಕೇಳುವುದೂ ಇದನ್ನೇ.

ಪ್ರಶ್ನೆ: ಪ್ರಬಂಧವನ್ನು ಕನ್ನಡದಲ್ಲಿ ಬರೆಯಬಹುದೇ? — ತೀರ್ಥಹಳ್ಳಿ

ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇರುವುದೇ ಅದಕ್ಕಾಗಿ. ಬೇರೆ ಕಡೆ ನೋಂದಣಿಗೆ ಮೊದಲೇ ಆಯಾ ವಿಶ್ವವಿದ್ಯಾಲಯದ ನಿಯಮಾವಳಿ ನೋಡಿ, ಲಿಖಿತವಾಗಿ ಅನುಮತಿ ಪಡೆಯಿರಿ. ಪ್ರಬಂಧ ಯಾವ ಭಾಷೆಯಲ್ಲಿದ್ದರೂ ಪ್ರಶ್ನಾವಳಿ ಜನರ ಮಾತಿನಲ್ಲಿರಲಿ. ಇಂಗ್ಲಿಷ್ ಪ್ರಶ್ನಾವಳಿಯನ್ನು ಅಂಗಳದಲ್ಲಿ ನಿಂತು ಮನಸ್ಸಿಗೆ ಬಂದಂತೆ ಕನ್ನಡ ಮಾಡಿ ಕೇಳುವವರ ಮಾಹಿತಿಯನ್ನು ನಾನು ನಂಬುವುದಿಲ್ಲ. ‘ಶೋಧಗಂಗಾ’ ಜಾಲತಾಣದಲ್ಲಿ ದೇಶದ ಪಿಎಚ್.ಡಿ. ಪ್ರಬಂಧಗಳು ಉಚಿತವಾಗಿ ಸಿಗುತ್ತವೆ, ಕನ್ನಡದವೂ ಇವೆ. ಓದಿ ನೋಡಿ.

ಪ್ರಶ್ನೆ: ಮಾನ್ಯರೇ, ನಾನು ಕೊಪ್ಪ ತಾಲ್ಲೂಕಿನ ಕೃಷಿಕ. ಒಬ್ಬಳೇ ಮಗಳು, ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದಾಳೆ. ಬೆಂಗಳೂರಿನ ಏಜೆಂಟರೊಬ್ಬರು ಇಂಗ್ಲೆಂಡಿನಲ್ಲಿ ಆರೋಗ್ಯ ಮತ್ತು ಸಾಮಾಜಿಕ ಆರೈಕೆಯಲ್ಲಿ ಪಿಎಚ್.ಡಿ. ಸೀಟು ಕೊಡಿಸಿದ್ದಾರೆ, ವರ್ಷಕ್ಕೆ 20 ಲಕ್ಷದ ಮೇಲೆ ಆಗುತ್ತದಂತೆ. ತೋಟದ ಮೇಲೆ ಸಾಲ ಮಾಡಲೇ? — ಒಬ್ಬ ತಂದೆ

ಬೇಡ. ತೋಟ ಮುಟ್ಟಬೇಡಿ.

ಪಿಎಚ್.ಡಿ.ಯಲ್ಲಿ ಹಣ ಕೊಟ್ಟು ಮಾಡುವುದು ಒಂದು, ಹಣ ಪಡೆದು ಮಾಡುವುದು ಇನ್ನೊಂದು. ಏಜೆಂಟರು ಕೊಡಿಸುವುದು ಮೊದಲನೆಯದನ್ನು ಮಾತ್ರ, ಏಕೆಂದರೆ ಅವರಿಗೆ ಕಮಿಷನ್ ಸಿಗುವುದು ನೀವು ಕಟ್ಟುವ ಶುಲ್ಕದಿಂದ. ಪ್ರವೇಶ ಪತ್ರ ಬಂದಿದೆ ಎಂದರೆ ಧನಸಹಾಯ ಬಂದಿದೆ ಎಂದಲ್ಲ. ಆ ಪತ್ರದಲ್ಲಿ ಮೂರು ಸಂಗತಿ ಹುಡುಕಿ: ಶುಲ್ಕವನ್ನು ಯಾರು ಭರಿಸುತ್ತಾರೆ, ಜೀವನ ನಿರ್ವಹಣೆಗೆ ತಿಂಗಳಿಗೆ ಎಷ್ಟು, ಎಷ್ಟು ವರ್ಷ. ಮೂರೂ ಇಲ್ಲದಿದ್ದರೆ ಅದನ್ನು ಡ್ರಾಯರಿನಲ್ಲಿ ಇಡಿ.

ಇಂಗ್ಲೆಂಡಿನಲ್ಲಿ ಈ ಕ್ಷೇತ್ರಕ್ಕೆ ಹಣವಿಲ್ಲ ಎಂದಲ್ಲ. ಅಲ್ಲಿ ಚಿಕಿತ್ಸೆಯನ್ನು ರಾಷ್ಟ್ರೀಯ ಆರೋಗ್ಯ ಸೇವೆ ಉಚಿತವಾಗಿ ನೋಡಿಕೊಳ್ಳುತ್ತದೆ. ಆದರೆ ವೃದ್ಧರನ್ನು, ಅಂಗವಿಕಲರನ್ನು ಮನೆಯಲ್ಲಿ ನೋಡಿಕೊಳ್ಳುವ ‘ಸಾಮಾಜಿಕ ಆರೈಕೆ’ ಸ್ಥಳೀಯ ಆಡಳಿತದ ಹೊಣೆ, ಅದೂ ಆಸ್ತಿ–ಆದಾಯ ನೋಡಿ. ನಮ್ಮಲ್ಲಿ ಸೊಸೆಯಂದಿರ ಮೇಲೆ ಬಿಟ್ಟಿರುವ ಕೆಲಸಕ್ಕೆ ಅಲ್ಲಿ ಇಲಾಖೆ ಇದೆ, ಬಜೆಟ್ ಇದೆ, ಸಾಲದು ಎಂಬ ಜಗಳವೂ ಇದೆ. ಆದ್ದರಿಂದ ಅದರ ಮೇಲೆ ಸಂಶೋಧನೆಯೂ ಇದೆ. ಅಲ್ಲಿನ ಆರೋಗ್ಯ ಇಲಾಖೆಯ ಹಣದಿಂದ ನಡೆಯುವ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಸಂಸ್ಥೆ, ಎನ್‌ಐಎಚ್‌ಆರ್, 2006ರಲ್ಲಿ ಶುರುವಾಯಿತು. 2022ರಲ್ಲಿ ಅದು ತನ್ನ ಹೆಸರಿಗೆ ‘ಆರೈಕೆ’ಯನ್ನೂ ಸೇರಿಸಿಕೊಂಡಿತು. ಅದರ ಡಾಕ್ಟೊರಲ್ ಫೆಲೋಶಿಪ್‌ಗಳು ಹೆಚ್ಚಾಗಿ ಅಲ್ಲಿಯೇ ಕೆಲಸ ಮಾಡುತ್ತಿರುವ ಶುಶ್ರೂಷಕರು, ಸಮಾಜ ಕಾರ್ಯಕರ್ತರು, ಸಂಶೋಧಕರಿಗೆ ಒದಗುವಂಥವು. ನಿಮ್ಮ ಮಗಳಿಗೆ ಹೆಚ್ಚು ಹತ್ತಿರವಾದದ್ದು ಯುಕೆಆರ್‌ಐ ಎಂಬ ಸರ್ಕಾರಿ ಸಂಸ್ಥೆಯ ಹಣದಲ್ಲಿ ವಿಶ್ವವಿದ್ಯಾಲಯಗಳು ಕೊಡುವ ವಿದ್ಯಾರ್ಥಿವೇತನ. 2025–26ಕ್ಕೆ ಅದರ ಕನಿಷ್ಠ ಮೊತ್ತ ವರ್ಷಕ್ಕೆ 20,780 ಪೌಂಡ್. 2021ರಿಂದ ವಿದೇಶಿಯರಿಗೂ ಇದು ತೆರೆದಿದೆ, ಆದರೆ ಅವರ ಪಾಲು ಶೇ 30 ಮೀರುವಂತಿಲ್ಲ. ಈ ಸಂಸ್ಥೆ ಭರಿಸುವುದು ಸ್ಥಳೀಯ ವಿದ್ಯಾರ್ಥಿಯ ಶುಲ್ಕವನ್ನು ಮಾತ್ರ. ವಿದೇಶಿಯರ ಶುಲ್ಕ ಅದಕ್ಕಿಂತ ಹಲವು ಪಟ್ಟು. ನಡುವಿನ ವ್ಯತ್ಯಾಸವನ್ನು ವಿಶ್ವವಿದ್ಯಾಲಯ ಮನ್ನಾ ಮಾಡುತ್ತದೆಯೇ ಎಂದು ಮಗಳು ಇಮೇಲ್‌ನಲ್ಲಿ ಕೇಳಲಿ. ಇದರ ಮೇಲೆ ವೀಸಾ ಜೊತೆಗೆ ವಿದ್ಯಾರ್ಥಿಗಳು ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಬೇಕು. ಏಜೆಂಟರು ಇದನ್ನು ಕೊನೆಯಲ್ಲಿ ಹೇಳುತ್ತಾರೆ.

ಅರ್ಜಿ ಹಾಕುವ ಕ್ರಮವೂ ಬೇರೆ. ಅಲ್ಲಿ ಧನಸಹಾಯವಿರುವ ಪಿಎಚ್.ಡಿ.ಯನ್ನು ಉದ್ಯೋಗದಂತೆಯೇ ಜಾಹೀರಾತು ಮಾಡುತ್ತಾರೆ. ವಿಷಯ, ಮಾರ್ಗದರ್ಶಕರ ಹೆಸರು, ಮೊತ್ತ, ಕೊನೆಯ ದಿನ ಎಲ್ಲ ಅದರಲ್ಲಿರುತ್ತದೆ. ಮಗಳು ನೇರವಾಗಿ ಮಾರ್ಗದರ್ಶಕರಿಗೆ ಒಂದು ಪುಟದ ಪತ್ರ ಬರೆಯಲಿ. ‘ಗೌರವಾನ್ವಿತ ಮಹಾಶಯರೇ, ತಮ್ಮ ಅಮೂಲ್ಯ ಮಾರ್ಗದರ್ಶನದಲ್ಲಿ...’ ಎಂದು ಶುರುವಾಗುವ, ನೂರು ಜನರಿಗೆ ಒಂದೇ ಸಲ ಕಳಿಸುವ ಪತ್ರ ಬೇಡ. ಅವರ ಒಂದು ಲೇಖನ ಓದಿ, ಅದರಲ್ಲಿ ತನಗೆ ಎದ್ದ ಒಂದು ಪ್ರಶ್ನೆ ಬರೆದರೆ ಸಾಕು.

ಇಂಗ್ಲೆಂಡ್ ಒಂದನ್ನೇ ನೋಡಬೇಡಿ. ಸ್ವೀಡನ್ನಿನಲ್ಲಿ ಪಿಎಚ್.ಡಿ.ಗೆ ಬೋಧನಾ ಶುಲ್ಕವೇ ಇಲ್ಲ, ಸಾಮಾನ್ಯವಾಗಿ ವಿದ್ಯಾರ್ಥಿಯನ್ನು ಸಂಬಳದ ನೌಕರರಾಗಿ ನೇಮಿಸಿಕೊಳ್ಳುತ್ತಾರೆ. ನಮ್ಮಲ್ಲಿಯೇ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ, ದೆಹಲಿಯ ಜೆಎನ್‌ಯುದ ಸಾಮಾಜಿಕ ವೈದ್ಯಶಾಸ್ತ್ರ ಕೇಂದ್ರ, ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಸಾರ್ವಜನಿಕ ಆರೋಗ್ಯದ ಸಂಶೋಧನೆಗೆ ಹೆಸರಾದವು. ಮತ್ತು ‘ಒಬ್ಬಳೇ ಮಗಳು’ ಎಂದು ನೀವು ಬರೆದ ಮಾತಿಗೆ ಇಲ್ಲಿ ಬೆಲೆ ಇದೆ. ಒಡಹುಟ್ಟಿದವರು ಇಲ್ಲದ ಹೆಣ್ಣುಮಕ್ಕಳ ಪಿಎಚ್.ಡಿ.ಗೆಂದು ಯುಜಿಸಿ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಹೆಸರಿನ ಫೆಲೋಶಿಪ್ ಕೊಡುತ್ತದೆ. ಸಾಮಾನ್ಯ ವರ್ಗಕ್ಕೆ 40 ವರ್ಷದವರೆಗೆ ಅವಕಾಶ. ಭಾರತದ ವಿಶ್ವವಿದ್ಯಾಲಯದಲ್ಲಿ ಪೂರ್ಣಾವಧಿ ನೋಂದಣಿ ಆಗಿರಬೇಕು, ಅಷ್ಟೇ. ಇದೇ ಪ್ರಶ್ನೆ ಇರುವ ಪರಿಶಿಷ್ಟ ಸಮುದಾಯದ ಓದುಗರು ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ, ವಿದೇಶ ವ್ಯಾಸಂಗಕ್ಕೆ ನೆರವಾಗುವ ‘ಪ್ರಬುದ್ಧ’ ಯೋಜನೆಯನ್ನೂ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವನ್ನೂ ವಿಚಾರಿಸಬೇಕು.

ಮಗಳ ಪತ್ರವನ್ನು ನೀವು ಬರೆದಿದ್ದೀರಿ. ಮುಂದಿನ ಸಲ ಅವಳೇ ಬರೆಯಲಿ.

ಪ್ರಶ್ನೆ: ಎರಡು ವರ್ಷ ಮುಗಿದ ಮೇಲೆ ನನ್ನ ಫೆಲೋಶಿಪ್ ನಿಂತುಹೋಗಿದೆ. ಕಚೇರಿಯಲ್ಲಿ ‘ದೆಹಲಿಯಿಂದಲೇ ಬಂದಿಲ್ಲ’ ಎನ್ನುತ್ತಾರೆ. ಜೊತೆಗೆ ಗೈಡ್ ತಮ್ಮ ಮನೆಗೆ ತರಕಾರಿ ತರಿಸುವುದು, ಮಕ್ಕಳನ್ನು ಶಾಲೆಗೆ ಬಿಡಿಸುವುದು ಮಾಡುತ್ತಾರೆ. ಹೇಳಿಕೊಳ್ಳಲು ಭಯ. — ಹೆಸರು, ಊರು ಬೇಡ

ಮೊದಲು ಹಣ. ‘ಎರಡು ವರ್ಷ ಮುಗಿದ ಮೇಲೆ’ ಎಂಬ ನಿಮ್ಮ ಮಾತಿನಲ್ಲೇ ಉತ್ತರವಿರುವಂತೆ ಕಾಣುತ್ತದೆ. ಜೆಆರ್‌ಎಫ್‌ನಿಂದ ಎಸ್‌ಆರ್‌ಎಫ್‌ಗೆ (ಹಿರಿಯ ಸಂಶೋಧನಾ ಫೆಲೋಶಿಪ್) ಏರಲು ಸಮಿತಿ ನಿಮ್ಮ ಕೆಲಸವನ್ನು ಪರಿಶೀಲಿಸಿ ವರದಿ ಕೊಡಬೇಕು, ಅದು ಜಾಲತಾಣಕ್ಕೆ ಏರಬೇಕು. ಯುಜಿಸಿ ಹಣ ಕೆನರಾ ಬ್ಯಾಂಕಿನ ಪೋರ್ಟಲ್ ಮೂಲಕ ನೇರ ನಿಮ್ಮ ಖಾತೆಗೆ ಬರುತ್ತದೆ. ಅದಕ್ಕೆ ಪ್ರತಿ ತಿಂಗಳು ನಿಮ್ಮ ವಿಶ್ವವಿದ್ಯಾಲಯದಲ್ಲಿ ‘ಮೇಕರ್’ ಎಂಬ ಸಿಬ್ಬಂದಿ ನಮೂದಿಸಬೇಕು, ‘ಚೆಕರ್’ ಎಂಬ ಅಧಿಕಾರಿ ಒಪ್ಪಬೇಕು. ಕಡತ ಬಹುಮಟ್ಟಿಗೆ ದೆಹಲಿಯಲ್ಲಿ ಇರುವುದಿಲ್ಲ, ನಿಮ್ಮ ಆಡಳಿತ ಕಟ್ಟಡದ ಯಾವುದೋ ಮೇಜಿನ ಮೇಲೆ ಇರುತ್ತದೆ. ಆ ಇಬ್ಬರು ಯಾರೆಂದು ಪತ್ತೆ ಮಾಡಿ, ‘ನನ್ನ ಉನ್ನತೀಕರಣದ ಕಡತ ಯಾವ ದಿನಾಂಕದಂದು ನಮೂದಾಗಿದೆ’ ಎಂದು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಆಧಾರ್ ಜೋಡಣೆಯಾದ ಖಾತೆ ಚಾಲ್ತಿಯಲ್ಲಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಆಮೇಲೂ ಸರಿಯಾಗದಿದ್ದರೆ ಯುಜಿಸಿಯ ‘ಇ–ಸಮಾಧಾನ್’ ಪೋರ್ಟಲ್‌ನಲ್ಲಿ ದೂರು ಹಾಕಿ. ಬಾಕಿ ಹಣ ಒಟ್ಟಿಗೆ ಬರುತ್ತದೆ, ಆದರೆ ಬಾಡಿಗೆ ಕೊಡುವ ದಿನ ಬರುವುದಿಲ್ಲ ಎಂಬುದು ನನಗೂ ಗೊತ್ತು. ವರ್ಷವಿಡೀ ಎರಡು–ಮೂರು ತಿಂಗಳ ಖರ್ಚಿನಷ್ಟು ಕೈಯಲ್ಲಿಟ್ಟುಕೊಳ್ಳಿ ಎಂದು ಹೊಸಬರಿಗೆ ನಾನು ಹೇಳುವುದು ಇದಕ್ಕೇ.

ಇನ್ನು ತರಕಾರಿ. ಸಂಶೋಧನಾರ್ಥಿಗೆ ವಾರಕ್ಕೆ ನಾಲ್ಕರಿಂದ ಆರು ಗಂಟೆ ಬೋಧನೆ ಅಥವಾ ಸಂಶೋಧನಾ ಸಹಾಯದ ಕೆಲಸ ವಹಿಸಬಹುದು ಎಂದು 2022ರ ನಿಯಮ ಹೇಳುತ್ತದೆ. ಟ್ಯುಟೋರಿಯಲ್, ಪ್ರಯೋಗಾಲಯ, ಮೌಲ್ಯಮಾಪನ ಅದರಲ್ಲಿವೆ. ಬದನೆಕಾಯಿ ಇಲ್ಲ. ನೇರ ಜಗಳ ಬೇಡ. ನಿಮಗೊಂದು ಸಂಶೋಧನಾ ಸಲಹಾ ಸಮಿತಿ ಇದೆ, ಪ್ರತಿ ಸೆಮಿಸ್ಟರ್ ಅದರ ಮುಂದೆ ಪ್ರಗತಿ ಮಂಡಿಸಬೇಕು. ಗೈಡ್ ಜೊತೆ ನಡೆದ ಪ್ರತಿ ಚರ್ಚೆಯನ್ನೂ ಅದೇ ಸಂಜೆ ಇಮೇಲ್ ಮಾಡಿ: ‘ಇವತ್ತು ಎರಡನೆಯ ಅಧ್ಯಾಯ ಚರ್ಚಿಸಿದೆವು, ಮುಂದಿನ ವಾರ ಇದನ್ನು ತರುತ್ತೇನೆ.’ ಚರ್ಚೆ ನಡೆಯದ ವಾರಗಳು ತಾವಾಗಿಯೇ ಎದ್ದು ಕಾಣುತ್ತವೆ. ಮಾರ್ಗದರ್ಶಕರನ್ನು ಬದಲಿಸಲು ಅರ್ಜಿ ಹಾಕುವ ದಿನ ಬಂದರೆ ಇದೇ ನಿಮ್ಮ ಸಾಕ್ಷಿ. ಇದು ತರಕಾರಿಯನ್ನು ಮೀರಿದ ಲೈಂಗಿಕ ಕಿರುಕುಳವಾಗಿದ್ದರೆ ಆಂತರಿಕ ದೂರು ಸಮಿತಿ ಇದೆ. ಮತ್ತೆ ಬರೆಯಿರಿ, ಪ್ರಕಟಿಸದೆ ಉತ್ತರಿಸುತ್ತೇನೆ.

ಪ್ರಶ್ನೆ: ಮೇಡಂ, ನಾನು ಸೊರಬದವನು. ಬಿ.ಎಸ್ಸಿ. ಪ್ರಾಣಿಶಾಸ್ತ್ರ. ಮಂಗನ ಕಾಯಿಲೆಯ ಸಮೀಕ್ಷೆಯಲ್ಲಿ ಕಾಡಿನಿಂದ ಉಣುಗು ಹಿಡಿದು ತರುವ ಗುತ್ತಿಗೆ ಕೆಲಸ ಮಾಡಿದ್ದೇನೆ. ನನ್ನಂಥವರಿಗೂ ಪಿಎಚ್.ಡಿ. ದಾರಿ ಇದೆಯೇ? — ಓದುಗ, ಸೊರಬ

ಇದೆ, ಸ್ವಲ್ಪ ಉದ್ದ. 1957ರಲ್ಲಿ ಆ ವೈರಸ್ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ನಿಮ್ಮ ತಾಲ್ಲೂಕಿನದೇ. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ನಿಮ್ಮ ಊರಿನ ಹೆಸರಿದೆ. ಬಿಳಿ ಫ್ಲಾನೆಲ್ ಬಟ್ಟೆಯನ್ನು ತರಗೆಲೆಯ ಮೇಲೆ ಎಳೆದು ಉಣುಗು ಹಿಡಿಯುವ ನಿಮ್ಮ ಕೆಲಸವಿಲ್ಲದೆ ಯಾವ ಪ್ರಯೋಗಾಲಯದ ಲೇಖನವೂ ಹುಟ್ಟುವುದಿಲ್ಲ. ಲೇಖನದಲ್ಲಿ ನಿಮ್ಮಂಥವರ ಹೆಸರು ಇರುವುದು ಮಾತ್ರ ಅಪರೂಪ.

ಮೂರು ವರ್ಷದ ಪದವಿಯಿಂದ ನೇರ ಪಿಎಚ್.ಡಿ. ಇಲ್ಲ. ಸ್ನಾತಕೋತ್ತರ ಪದವಿ, ಶೇ 55 ಅಂಕ ಬೇಕು. ಮೀಸಲಾತಿ ಇರುವವರಿಗೆ ಶೇ 50. ಶಂಕರಘಟ್ಟದಲ್ಲಿ ಪ್ರಾಣಿಶಾಸ್ತ್ರವೂ ವನ್ಯಜೀವಿ ವಿಭಾಗವೂ ಇವೆ. ಅದು ಮುಗಿಸಿ ಜೀವ ವಿಜ್ಞಾನದಲ್ಲಿ, ವಿಜ್ಞಾನ ವಿಷಯಗಳಿಗೆಂದೇ ಇರುವ ಸಿಎಸ್‌ಐಆರ್–ಯುಜಿಸಿ ನೆಟ್ ಬರೆಯಿರಿ. ನಡುವೆ ಖರ್ಚಿಗೆ ಬೇಕಾದರೆ ಐಸಿಎಂಆರ್ ಯೋಜನೆಗಳಲ್ಲಿ ‘ಪ್ರಾಜೆಕ್ಟ್ ಟೆಕ್ನಿಕಲ್ ಸಪೋರ್ಟ್’ ಎಂಬ ಹೆಸರಿನಲ್ಲಿ ಹುದ್ದೆಗಳು ಬರುತ್ತಿರುತ್ತವೆ. ಕ್ಷೇತ್ರಾನುಭವ ಇರುವ ನಿಮಗೆ ಅಲ್ಲಿ ಬೆಲೆ ಇದೆ. ಯೋಜನೆಯ ಕೆಲಸವನ್ನೇ ಪಿಎಚ್.ಡಿ.ಯಾಗಿ ಬೆಳೆಸಿಕೊಂಡವರೂ ಇದ್ದಾರೆ.

ಪ್ರಯೋಗಾಲಯವೇ ಆಗಬೇಕೆಂದೂ ಇಲ್ಲ. ಮಂಗನ ಕಾಯಿಲೆಯ ಹಳೆಯ ಲಸಿಕೆ 2022ರಲ್ಲಿ ನಿಂತಿತು, ಹೊಸದರ ಕೆಲಸ ನಡೆಯುತ್ತಿದೆ. ಅಲ್ಲಿಯವರೆಗೆ ಜನರಿಗೆ ಉಳಿದಿರುವುದು ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೀಪಾ ಎಣ್ಣೆ ಮತ್ತು ಎಚ್ಚರಿಕೆ. ದರಗು ತರಲು, ದನ ಮೇಯಿಸಲು ಕಾಡಿಗೆ ಹೋಗಲೇಬೇಕಾದ ಮನೆಯವರು ಆ ಎಣ್ಣೆಯನ್ನು ಏಕೆ ಹಚ್ಚುತ್ತಾರೆ, ಏಕೆ ಹಚ್ಚುವುದಿಲ್ಲ ಎಂಬುದು ಸಮಾಜ ವಿಜ್ಞಾನದ ಪ್ರಶ್ನೆ. ಅದಕ್ಕೆ ಉತ್ತರಿಸಬಲ್ಲವರು ಅವರ ಮನೆಯಲ್ಲಿ ಕುಳಿತು ಕಾಫಿ ಕುಡಿಯಬಲ್ಲವರು. ಎರಡರಲ್ಲಿ ಯಾವುದು ಎಂದು ಎಂ.ಎಸ್ಸಿ. ಸೇರುವ ಮೊದಲೇ ಯೋಚಿಸಿ. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ನಿಮಗೆ ಹೆಚ್ಚು ಹೊಂದಬಹುದು.

ಈಗಲೇ ಮಾಡಬೇಕಾದ ಕೆಲಸ ಒಂದಿದೆ. ಗುತ್ತಿಗೆ ನೀಡಿದ ಕಚೇರಿಗೆ ಹೋಗಿ ಅನುಭವ ಪ್ರಮಾಣಪತ್ರ ತೆಗೆದುಕೊಳ್ಳಿ. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ಯಾವ ಹಳ್ಳಿಗಳಲ್ಲಿ, ಏನು ಕೆಲಸ ಎಂದು ಅದರಲ್ಲಿ ಬರೆದಿರಬೇಕು. ಅಧಿಕಾರಿ ವರ್ಗವಾಗಿ ಹೋದ ಮೇಲೆ ಅಂಥ ಸಹಿ ಸಿಗುವುದು ಕಷ್ಟ.